ಸಮುದ್ರದಿಂದ ಬಂದ ಗಾಜನ್ನು ಒಣಗಿಸಬಾರದು, ಯಾಕೆ?

ಸಾವಿರ ವರ್ಷ ಉಪ್ಪುನೀರಲ್ಲಿ ಬಿದ್ದಿದ್ದ ಗಾಜಿನ ಲೋಟವೊಂದನ್ನು ಮೇಲೆ ತಂದು, ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಇಟ್ಟರೆ ಏನಾಗುತ್ತೆ? ಏನೂ ಆಗಲ್ಲ ಅಂತಲೇ ನಮಗೆಲ್ಲ ಅನಿಸುತ್ತೆ. ಗಾಜು ತುಕ್ಕು ಹಿಡಿಯಲ್ಲ, ಕೊಳೆಯಲ್ಲ. ಲ್ಯಾಬ್‌ನಲ್ಲಿ ನಾವು ಆಸಿಡ್ ಇಡೋದೂ ಗಾಜಿನ ಬಾಟಲಿಯಲ್ಲೇ. ಆದರೆ ಆ ಲೋಟ ಒಣಗುತ್ತಾ ಮಂಕಾಗಿ, ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಉದುರಬಹುದು.

ನಿಜವಾದ ಒಂದು ಉದಾಹರಣೆ ತಗೊಳ್ಳೋಣ. ಟರ್ಕಿಯ ನೈಋತ್ಯ ಕರಾವಳಿಯ ಸೆರ್ಚೆ ಲಿಮಾನಿ ಎಂಬಲ್ಲಿ ಸುಮಾರು 1025ರಲ್ಲಿ ಒಂದು ವ್ಯಾಪಾರಿ ಹಡಗು ಮುಳುಗಿತು. 1977ರಿಂದ 1979ರವರೆಗೆ ಜಾರ್ಜ್ ಬಾಸ್ ಅವರ ತಂಡ ಅದನ್ನು 30 ಮೀಟರಿಗೂ ಹೆಚ್ಚು ಆಳದಿಂದ ಹೊರತೆಗೆಯಿತು. ಸಿಕ್ಕ ಗಾಜು ಸುಮಾರು 3 ಟನ್! ಅದರಲ್ಲಿ 2 ಟನ್ ಕಚ್ಚಾ ಗಾಜಿನ ಗಟ್ಟಿಗಳು, 1 ಟನ್ ಒಡೆದ ಪಾತ್ರೆಗಳ ಚೂರು. ಕರಗಿಸಿ ಮತ್ತೆ ಬಳಸೋಕೆ ಒಯ್ಯುತ್ತಿದ್ದ ಗುಜರಿ ಅದು. ರಿಸೈಕ್ಲಿಂಗ್ ನಮ್ಮ ಕಾಲದ ಐಡಿಯಾ ಅಂತ ಯಾರೂ ಹೆಮ್ಮೆಪಡೋ ಹಾಗಿಲ್ಲ.

ಈಗ ಕೆಮಿಸ್ಟ್ರಿಗೆ ಬರೋಣ. ಹಳೆಯ ಗಾಜು ಬಹುಪಾಲು ಸೋಡಾ, ಸುಣ್ಣ, ಸಿಲಿಕಾ ಸೇರಿದ್ದು. ಸಿಲಿಕಾ ಅದರ ಚೌಕಟ್ಟು. ಸೋಡಾ ಕರಗುವ ಉಷ್ಣತೆಯನ್ನು ಇಳಿಸುತ್ತೆ, ಸುಣ್ಣ ಗಾಜು ನೀರಿಗೆ ತಾಳೋ ಹಾಗೆ ಮಾಡುತ್ತೆ. ನೀರಲ್ಲಿ ಬಹುಕಾಲ ಇದ್ದಾಗ ಮೇಲ್ಮೈಯಿಂದ ಸೋಡಿಯಂ ಅಯಾನ್‌ಗಳು ನಿಧಾನವಾಗಿ ಹೊರಗೆ ಹೋಗುತ್ತವೆ, ಅವುಗಳ ಜಾಗಕ್ಕೆ ಹೈಡ್ರೋಜನ್ ಅಯಾನ್‌ಗಳು ಬರುತ್ತವೆ. ಕೊನೆಗೆ ಮೇಲೆ ಉಳಿಯೋದು ನೀರು ತುಂಬಿಕೊಂಡ ಸಿಲಿಕಾ ಪದರ, ಒಂಥರಾ ಜೆಲ್. ನೀರು ಇರೋತನಕ ಅದು ನಿಂತಿರುತ್ತೆ. ನೀರು ಹೋಯಿತೋ, ಪದರ ಕುಗ್ಗುತ್ತೆ. ಒಳಗಿನ ಗಟ್ಟಿ ಗಾಜು ಕುಗ್ಗಲ್ಲ. ಬೇಸಿಗೆಯಲ್ಲಿ ಕೆರೆಯಂಗಳದ ಮಣ್ಣು ಬಿರಿಯೋ ಹಾಗೆ ಮೇಲ್ಪದರ ಬಿರಿಯುತ್ತೆ. ಜೊತೆಗೆ ಒಳಗೆ ಉಳಿದ ಉಪ್ಪು ಹರಳುಗಟ್ಟಿ ಪದರಗಳನ್ನು ಎಬ್ಬಿಸುತ್ತೆ.

ಹಾಗಾಗಿ ಮೇಲೆ ತಂದ ಕ್ಷಣದಿಂದ ಗಾಜನ್ನು ನೀರಲ್ಲೇ ಇಡಬೇಕು. ಸಮುದ್ರದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಸಿಹಿನೀರಿಗೆ, ಆಮೇಲೆ ಡಿಅಯನೈಸ್ಡ್ ನೀರಿಗೆ ಬದಲಾಯಿಸಬೇಕು. ಉಪ್ಪು ಹೋಯಿತಾ ಅಂತ ತಿಳಿಯೋಕೆ ಸಿಲ್ವರ್ ನೈಟ್ರೇಟ್ ಹನಿ ಸಾಕು, ಬೆಳ್ಳಗೆ ಕದಡಿದರೆ ಇನ್ನೂ ಕ್ಲೋರೈಡ್ ಇದೆ. ಸುಣ್ಣದ ಚಿಪ್ಪು ಅಂಟಿದ್ದರೆ ಆಸಿಡ್ ಹಾಕೋದಕ್ಕಿಂತ ಸ್ಕಾಲ್ಪೆಲ್‌ನಿಂದ ಬಿಡಿಸೋದು ಕ್ಷೇಮ, ಯಾಕೆಂದರೆ ಆಸಿಡ್ ಗಾಜಿನಲ್ಲಿ ಉಳಿದ ಸೋಡಿಯಂ ಅನ್ನೂ ಎಳೆದುಬಿಡುತ್ತೆ. ಇದೆಲ್ಲ ಆದಮೇಲೇ ಒಣಗಿಸೋದು, ಅದೂ ನೇರವಾಗಿ ಅಲ್ಲ. ಮೊದಲು ಎಥನಾಲ್, ನಂತರ ಅಸಿಟೋನ್, ಹಂತಹಂತವಾಗಿ ಪ್ರಮಾಣ ಏರಿಸುತ್ತಾ. ನೀರಿನ ಸರ್ಫೇಸ್ ಟೆನ್ಷನ್ ಸುಮಾರು 72 ಮಿಲಿನ್ಯೂಟನ್ ಪ್ರತಿ ಮೀಟರ್, ಅಸಿಟೋನಿನದು ಸುಮಾರು 23. ಆವಿಯಾಗುವಾಗ ಪದರವನ್ನು ಎಳೆಯೋ ಬಲ ಅಷ್ಟು ಕಡಿಮೆ ಆಗುತ್ತೆ. ಕೊನೆಗೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ತೆಳುವಾಗಿ ಕುಡಿಸಿ ಪದರಗಳನ್ನು ಹಿಡಿದಿಡುತ್ತಾರೆ.

ನಮ್ಮಲ್ಲಿ ಜೋರು ವಾದ ನಡೆದದ್ದು ಇನ್ನೊಂದು ವಿಷಯಕ್ಕೆ. ಕೆಟ್ಟ ಪದರಗಳಲ್ಲಿ ಬೆಳಕು ಇಂಟರ್‌ಫಿಯರೆನ್ಸ್ ಆಗಿ, ಸೋಪಿನ ಗುಳ್ಳೆಯಲ್ಲಿ ಕಾಣೋ ಹಾಗೆ, ಕಾಮನಬಿಲ್ಲಿನ ಬಣ್ಣ ಕಾಣುತ್ತೆ. ಇದನ್ನು ಕೆರೆದುಹಾಕಿದರೆ ಒಳಗಿನ ಸ್ವಚ್ಛ ಗಾಜು ಹೊಳೆಯುತ್ತೆ ಅಲ್ವಾ? ಹೊಳೆಯುತ್ತೆ. ಆದರೆ ಆ ಪದರವೇ ಪಾತ್ರೆಯ ಮೂಲ ಮೇಲ್ಮೈ. ಕುಶಲಕರ್ಮಿ ಕೆತ್ತಿದ ಗೆರೆ, ಉಪಕರಣದ ಗುರುತು ಇರೋದು ಅಲ್ಲೇ. ಕೆರೆದರೆ ಅವೂ ಹೋದವು. ಪದರ ಉಳಿಸೋದೇ ಸರಿ ಅಂತ ನಮ್ಮ ಮತ.

ಚೂರುಗಳನ್ನು ಅಂಟಿಸೋಕೂ ಇದೇ ತಲೆನೋವು. ಎಪಾಕ್ಸಿಯ ರಿಫ್ರಾಕ್ಟಿವ್ ಇಂಡೆಕ್ಸ್ ಗಾಜಿಗೆ ಹೊಂದಿಸಬಹುದು, ಜೋಡಣೆ ಹೆಚ್ಚು ಕಾಣಲ್ಲ. ಆದರೆ ಬಿಚ್ಚೋದು ಕಷ್ಟ, ಕಾಲಕ್ರಮೇಣ ಹಳದಿಯಾಗಬಹುದು. ಬಿ-72 ಅಸಿಟೋನಿನಲ್ಲಿ ಮತ್ತೆ ಕರಗುತ್ತೆ, ಆದರೆ ಸುಮಾರು 40 ಡಿಗ್ರಿಗೆ ಮೆತ್ತಗಾಗುತ್ತೆ. ಬಿಸಿಲು ಬೀಳೋ ಶೋಕೇಸಿನಲ್ಲಿ ಪಾತ್ರೆ ನಿಧಾನವಾಗಿ ವಾಲಿಬಿಡಬಹುದು.

ಸೆರ್ಚೆ ಲಿಮಾನಿಯ ಚೂರುಗಳ ಅಂದಾಜು ಲೆಕ್ಕ 5 ಲಕ್ಷದಿಂದ 10 ಲಕ್ಷ. ಅವುಗಳನ್ನು ವಿಂಗಡಿಸಿ ನೂರಾರು ಪಾತ್ರೆಗಳನ್ನು ಮತ್ತೆ ಕೂಡಿಸೋಕೆ ವರ್ಷಗಟ್ಟಲೆ ಹಿಡಿಯಿತು. ಈ ಹಡಗಿನ ಗಾಜು ಈಗ ಬೋದ್ರುಮ್ ಕೋಟೆಯ ಮ್ಯೂಸಿಯಂನಲ್ಲಿದೆ.