ಹಾರುಬೂದಿಯೂ ನಮ್ಮ ಆರೋಗ್ಯವೂ



ಕಲ್ಲಿದ್ದಲನ್ನು ಸುಟ್ಟು ವಿದ್ಯುಚ್ಛಕ್ತಿ ತಯಾರಿಸುವ ಕೇಂದ್ರಗಳು ನಮ್ಮ ರಾಜ್ಯದಲ್ಲಿ ರಾಯಚೂರು ಬಳಿಯ ಶಕ್ತಿನಗರ, ಯರಮರಸ್, ಬಳ್ಳಾರಿ ಜಿಲ್ಲೆಯ ಕುಡತಿನಿ, ಉಡುಪಿ ಜಿಲ್ಲೆಯ ಎಲ್ಲೂರು, ಈ ಕಡೆಗಳಲ್ಲಿವೆ. ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ ಮೊದಲ ಘಟಕ ಕೆಲಸ ಆರಂಭಿಸಿದ್ದು 1985ರಲ್ಲಿ. ಮುಂದೆ ಅಲ್ಲಿ ಒಟ್ಟು 1,720 ಮೆಗಾವ್ಯಾಟ್ ಸಾಮರ್ಥ್ಯದ ಎಂಟು ಘಟಕಗಳಾದವು. ಅಲ್ಲಿ ಹುಟ್ಟುವ ವಿದ್ಯುತ್ತು ದೂರದ ಊರುಗಳಿಗೂ ದೀಪ, ಪಂಪುಸೆಟ್ಟು ಒದಗಿಸುತ್ತದೆ. ಬೂದಿ ಮಾತ್ರ ನೆರೆಯ ಊರುಗಳ ಪಾಲಿಗೆ ಬರುತ್ತದೆ. ಅಂಥ ಊರಿನವರು ತಿಳಿದಿರಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ಹೇಳಿದೆ.

ಬೂದಿ ಎಷ್ಟು?

ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶವೇ ನೂರಕ್ಕೆ 30ರಿಂದ 45ರಷ್ಟು. ಎಂದರೆ ಪ್ರತಿ ಯೂನಿಟ್ಟಿಗೂ ಕಾಲು ಕಿಲೋದಷ್ಟು ಬೂದಿ ಹುಟ್ಟುತ್ತದೆ. ಇದರಲ್ಲಿ ಬಹುಪಾಲು ಗಾಳಿಯಲ್ಲಿ ತೇಲುವ ಹಾರುಬೂದಿ. ಇದನ್ನು ಹಿಡಿಯಲು ಚಿಮಣಿಯ ಮೊದಲೇ ವಿದ್ಯುತ್ತಿನಿಂದ ನಡೆಯುವ ಯಂತ್ರವುಂಟು. ಅದು ಸುಸ್ಥಿತಿಯಲ್ಲಿದ್ದರೆ ನೂರಕ್ಕೆ 99 ಪಾಲಿಗೂ ಹೆಚ್ಚು ಬೂದಿಯನ್ನು ತಡೆಯುತ್ತದೆ. ಕೆಟ್ಟರೆ ಬೂದಿ ಊರಿನ ಮೇಲೆ ಬೀಳುತ್ತದೆ. ನೀರಿನಲ್ಲಿ ಕಲಸಿ ಬೂದಿ ಕೊಳಕ್ಕೆ ಬಿಟ್ಟ ಬೂದಿಯೂ ಬೇಸಿಗೆಯಲ್ಲಿ ಒಣಗಿ ಗಾಳಿಗೆ ಏಳುತ್ತದೆ.

ದೇಹಕ್ಕೆ ಏನು ಕೇಡು?

ಕಣ್ಣಿಗೆ ಕಾಣುವ ದಪ್ಪ ಬೂದಿ ಮೂಗು ಗಂಟಲುಗಳಲ್ಲೇ ನಿಲ್ಲುತ್ತದೆ. ಕಾಣದ ಸಣ್ಣ ಕಣಗಳೇ ಹೆಚ್ಚು ಅಪಾಯಕರ. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಸಣ್ಣವಾದ ಇವು ಶ್ವಾಸಕೋಶದ ಆಳಕ್ಕೆ ಇಳಿದು, ಕೆಲವು ರಕ್ತಕ್ಕೂ ಸೇರುತ್ತವೆ. ಚಿಮಣಿಯಿಂದ ಹೊರಡುವ ಗಂಧಕದ ಅನಿಲವೂ ದೂರ ಹೋದಂತೆ ಇಂಥ ಕಣಗಳಾಗಿ ಮಾರ್ಪಡುತ್ತದೆ. ಆದುದರಿಂದ ಚಿಮಣಿಯಲ್ಲಿ ಕಪ್ಪು ಹೊಗೆ ಇಲ್ಲವೆಂದು ನಿಶ್ಚಿಂತರಾಗಿರಬಾರದು. ಉಬ್ಬಸ, ದೀರ್ಘಕಾಲದ ಕೆಮ್ಮು, ಹೃದ್ರೋಗ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್ ಇವೆಲ್ಲ ಇಂಥ ಗಾಳಿಯಿಂದ ಹೆಚ್ಚುತ್ತವೆ. ಮಕ್ಕಳು, ಗರ್ಭಿಣಿಯರು, ವೃದ್ಧರು ವಿಶೇಷ ಎಚ್ಚರದಿಂದಿರಬೇಕು. ಮನೆಯಲ್ಲಿ ಸೌದೆ ಒಲೆಯ ಹೊಗೆಯೂ ಇದ್ದರೆ ಕೇಡು ಇಮ್ಮಡಿ.

ಇಲ್ಲಿ ಒಂದು ಮಾತನ್ನು ಮರೆಯಬಾರದು. “ಇದು ಬೂದಿಯ ಕೆಮ್ಮು, ಎಲ್ಲರಿಗೂ ಇದ್ದದ್ದೇ” ಎಂದು ಸುಮ್ಮನಿರಬೇಡಿ. ಕೆಮ್ಮು ಎರಡು ವಾರ ಮೀರಿದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ. ಅದು ಕ್ಷಯವಾಗಿದ್ದರೆ ಔಷಧ ಉಚಿತ. ಕ್ರಮವಾಗಿ ತೆಗೆದುಕೊಂಡರೆ ಗುಣವಾಗುತ್ತದೆ. ತಡಮಾಡಿದರೆ ಮನೆಮಂದಿಗೂ ಹರಡುತ್ತದೆ.

ನೀರಿನ ವಿಷಯ

ಬೂದಿಯಲ್ಲಿ ಆರ್ಸೆನಿಕ್, ಸೀಸ, ಪಾದರಸಗಳ ಅಂಶ ಅಲ್ಪ ಪ್ರಮಾಣದಲ್ಲಿರುತ್ತದೆ. ಬೂದಿ ಕೊಳದಿಂದ ಇವು ಅಂತರ್ಜಲಕ್ಕೆ ಜಿನುಗಬಹುದು. ಕಾಯಿಸುವುದರಿಂದ ರೋಗಾಣುಗಳು ಸಾಯುತ್ತವೆ, ಈ ವಿಷಗಳು ಹೋಗುವುದಿಲ್ಲ. ಕೊಳದ ಸಮೀಪದ ಬಾವಿ, ಕೊಳವೆಬಾವಿಗಳ ನೀರನ್ನು ಮಳೆಗಾಲದ ಮೊದಲು ಒಮ್ಮೆ, ನಂತರ ಒಮ್ಮೆ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸತಕ್ಕದ್ದು.

ಕೊಳದ ಏರಿಯ ಕೆಳಗೆ ಮನೆ ಕಟ್ಟಬೇಡಿ. ಮಧ್ಯಪ್ರದೇಶದ ಸಿಂಗ್ರೌಲಿ ಜಿಲ್ಲೆಯಲ್ಲಿ 2020ರ ಏಪ್ರಿಲ್‌ನಲ್ಲಿ ಬೂದಿ ಕೊಳ ಒಡೆದು, ಮಕ್ಕಳೂ ಸೇರಿ ಆರು ಮಂದಿ ಪ್ರಾಣ ಕಳೆದುಕೊಂಡರು. ಏರಿಯಲ್ಲಿ ಬಿರುಕು, ಒಸರು ಕಂಡ ದಿನವೇ ಪಂಚಾಯಿತಿಗೆ ತಿಳಿಸಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಪ್ರಯೋಜನವಿಲ್ಲ.

ಮನೆಯಲ್ಲಿ ಮಾಡಬೇಕಾದುದು

1. ಒಣ ಕಸಬರಿಕೆಯಿಂದ ಬೂದಿ ಎಬ್ಬಿಸದೆ, ಒದ್ದೆ ಬಟ್ಟೆಯಿಂದ ಒರೆಸಿ.
2. ಕುಡಿಯುವ ನೀರು, ಆಹಾರಗಳನ್ನು ಮುಚ್ಚಿಡಿ. ಸೊಪ್ಪು ತರಕಾರಿ ತೊಳೆದು ಬಳಸಿ. ಮೇವನ್ನು ಕೊಡವಿ ಹಾಕಿ.
3. ಬೂದಿಗಾಳಿ ಬೀಸುವಾಗ ಮಕ್ಕಳನ್ನು ಒಳಗಿರಿಸಿ. ಹೊರಗೆ ದುಡಿಯುವವರು ಎನ್-95 ಮುಖಗವಸು ಧರಿಸಿ. ಟವೆಲ್ಲು ಸಣ್ಣ ಕಣಗಳನ್ನು ತಡೆಯದು.

ಊರು ಕೂಡಿ ಮಾಡಬೇಕಾದುದು

ಸಣ್ಣ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ದಿನದ ಸರಾಸರಿ 60 ಮೈಕ್ರೋಗ್ರಾಂ ಮೀರಬಾರದೆಂದು 2009ರ ರಾಷ್ಟ್ರೀಯ ಮಾನದಂಡ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15 ಮಾತ್ರ. ಕೇಂದ್ರಗಳು ಹಾರುಬೂದಿಯನ್ನೆಲ್ಲ ಇಟ್ಟಿಗೆ, ಸಿಮೆಂಟು, ರಸ್ತೆ ಮುಂತಾದ ಕೆಲಸಗಳಿಗೆ ಉಪಯೋಗವಾಗುವಂತೆ ಮಾಡಬೇಕೆಂದು 2021ರ ಡಿಸೆಂಬರ್‌ನ ಕೇಂದ್ರ ಸರ್ಕಾರದ ಅಧಿಸೂಚನೆ ವಿಧಿಸಿದೆ. ಶುದ್ಧ ಗಾಳಿಯನ್ನು ಕೇಳುವುದು ನಮ್ಮ ಹಕ್ಕು, ಯಾರ ದಯೆಯೂ ಅಲ್ಲ.

ಕೇವಲ ದೂರಿದರೆ ಸಾಲದು, ಲೆಕ್ಕವಿರಬೇಕು. ಬೂದಿ ಬಿದ್ದ ದಿನ, ವೇಳೆ, ಗಾಳಿ ಬಂದ ದಿಕ್ಕು, ಮುಚ್ಚದೆ ಹೋದ ಬೂದಿ ಲಾರಿ, ಇವನ್ನು ಊರಿನ ವಿದ್ಯಾವಂತ ತರುಣ ತರುಣಿಯರು ಒಂದು ಪುಸ್ತಕದಲ್ಲಿ ಬರೆದಿಡಲಿ. ಉಬ್ಬಸ, ಕೆಮ್ಮಿನ ರೋಗಿಗಳ ಸಂಖ್ಯೆಯನ್ನು ಆಶಾ ಕಾರ್ಯಕರ್ತೆಯಿಂದ ಕೇಳಿ ಸೇರಿಸಿ. ಆ ಲೆಕ್ಕದೊಡನೆ ಗ್ರಾಮಸಭೆಯ ಠರಾವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳುಹಿಸಿ, ಗಾಳಿ ನೀರುಗಳ ಪರೀಕ್ಷೆಯ ವರದಿ ಕೇಳಿ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ:

1. ನಮ್ಮೂರಿನ ಯಾವ ಬಾವಿ ಬೂದಿ ಕೊಳಕ್ಕೆ ಹತ್ತಿರ? ಅದರ ನೀರಿನ ಪರೀಕ್ಷೆ ಎಂದು ಆಯಿತು?
2. ಎರಡು ವಾರ ಮೀರಿ ಕೆಮ್ಮುತ್ತಿರುವವರು ಯಾರು? ಅವರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು?
3. ಬೂದಿಯ ಲೆಕ್ಕದ ಪುಸ್ತಕ ಇಡಲು ಯಾರು ಒಪ್ಪುತ್ತೀರಿ?