ವಜಾ ಆದಮೇಲೆ ಕೋರ್ಟು ಏನು ನೋಡುತ್ತದೆ?

ತಮ್ಮಾ,

ಸಬ್ ಇನ್‌ಸ್ಪೆಕ್ಟರ್ ತರಬೇತಿಗೆ ಹೊರಟು ನಿಂತಿದ್ದೀಯ. ಶುಭ ಹೊತ್ತಿನಲ್ಲಿ ವಜಾದ ಮಾತೇಕೆ ಎನ್ನಬೇಡ. ‘ಕೆಲಸದಿಂದ ತೆಗೆದರೆ ತೆಗೆಯಲಿ, ಕೋರ್ಟಿನಲ್ಲಿ ನೋಡಿಕೊಳ್ಳೋಣ’ ಎನ್ನುವವರು ನಿನಗೂ ಸಿಗುತ್ತಾರೆ. ಅವರನ್ನು ನಂಬುವ ಮೊದಲು ಇಷ್ಟು ತಿಳಿದಿರು.

ಆಂಧ್ರದ ಒಬ್ಬ ಸಬ್ ಇನ್‌ಸ್ಪೆಕ್ಟರ್‌ನ ವಜಾ ಆದೇಶವನ್ನು ಅಲ್ಲಿನ ಹೈಕೋರ್ಟು ರದ್ದು ಮಾಡಿತ್ತು. 1963ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಇಲಾಖಾ ವಿಚಾರಣೆಯ ಮೇಲೆ ಹೈಕೋರ್ಟು ಅಪೀಲು ಕೋರ್ಟಲ್ಲ ಎಂಬುದು ಅಂದಿನಿಂದ ಗಟ್ಟಿಯಾಗಿ ನಿಂತಿದೆ. ನ್ಯಾಯಾಧೀಶರು ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ವಿಚಾರಣೆ ನಿಯಮದಂತೆ ನಡೆಯಿತೇ, ಆರೋಪಿಗೆ ತನ್ನ ಮಾತು ಹೇಳಲು ಅವಕಾಶ ಸಿಕ್ಕಿತೇ, ತೀರ್ಮಾನಕ್ಕೆ ಏನಾದರೂ ಆಧಾರವಿದೆಯೇ ಎಂದು ನೋಡುತ್ತಾರೆ. ಶಿಕ್ಷೆ ತಪ್ಪಿಗೆ ತೀರಾ ಮೀರಿದ್ದರೆ ಮಾತ್ರ ಅದಕ್ಕೆ ಕೈಹಾಕುತ್ತಾರೆ.

ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದರೆ ಕೆಲಸ ತಾನಾಗಿ ವಾಪಸು ಬರುತ್ತದೆಯೇ?

ಇಲ್ಲ. 1999ರಲ್ಲಿ ತೆಂಕಾಸಿಯಲ್ಲಿ ಮಹಿಳೆಯೊಬ್ಬರೊಂದಿಗೆ ಅಸಭ್ಯವಾಗಿ ವರ್ತಿಸಿದ ಆರೋಪದಲ್ಲಿ ತಮಿಳುನಾಡಿನ ಹೆಡ್ ಕಾನ್‌ಸ್ಟೇಬಲ್ ಒಬ್ಬ ವಜಾ ಆದ. ದೂರು ಕೊಟ್ಟವರೇ ಪ್ರತಿಕೂಲ ಸಾಕ್ಷಿಗಳಾದ್ದರಿಂದ ಕ್ರಿಮಿನಲ್ ಕೇಸು ಬಿದ್ದುಹೋಯಿತು, ಹೈಕೋರ್ಟು ಮತ್ತೆ ಕೆಲಸ ಕೊಡಿಸಿತು. ಆದರೆ 2012ರಲ್ಲಿ ಸುಪ್ರೀಂ ಕೋರ್ಟು ಆ ಖುಲಾಸೆಯನ್ನು ಗೌರವದ ಬಿಡುಗಡೆಯೆಂದು ಒಪ್ಪದೆ ವಜಾವನ್ನೇ ಎತ್ತಿಹಿಡಿಯಿತು.

ರಾಜಸ್ಥಾನದ ಕಾನ್‌ಸ್ಟೇಬಲ್ ಒಬ್ಬನ ಪಾಡು ಬೇರೆ. ಎಂಟನೇ ತರಗತಿಯ ಅಂಕಪಟ್ಟಿಯಲ್ಲಿ ಹುಟ್ಟಿದ ದಿನಾಂಕ ತಿದ್ದಿದನೆಂದು ಅವನ ಕೆಲಸ ಹೋಗಿತ್ತು. ವಿಚಾರಣೆಯ ತೀರ್ಮಾನಕ್ಕೇ ಬುಡವಿರಲಿಲ್ಲ, ಕ್ರಿಮಿನಲ್ ಕೋರ್ಟು ಅದೇ ಆರೋಪವನ್ನು ಪರಿಶೀಲಿಸಿ ಅವನನ್ನು ಬಿಡುಗಡೆ ಮಾಡಿತ್ತು. 2023ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನನ್ನು ಮತ್ತೆ ಕೆಲಸಕ್ಕೆ ಸೇರಿಸಿಕೊಂಡು, ಹಿಂದಿನ ಸಂಬಳದ ಶೇ. 50ರಷ್ಟನ್ನು ಕೊಡಲು ಹೇಳಿತು.

ಸಂವಿಧಾನದ 311ನೇ ವಿಧಿ ನಿನ್ನ ರಕ್ಷಣೆಗಿದೆ. ನೇಮಿಸಿದ ಅಧಿಕಾರಿಗಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ವಿಚಾರಣೆ ನಡೆಸುವುದು ಕಾರ್ಯಸಾಧ್ಯವೇ ಇಲ್ಲವೆಂದು ಕಾರಣ ಬರೆದಿಟ್ಟು ತೆಗೆಯುವ ದಾರಿಯೂ ಅದೇ ವಿಧಿಯಲ್ಲಿದೆ. ಸುಪ್ರೀಂ ಕೋರ್ಟಿನ 1985ರ ತುಳಸಿರಾಮ್ ಪಟೇಲ್ ತೀರ್ಪು ಅದನ್ನು ಎತ್ತಿಹಿಡಿಯಿತಾದರೂ ಆ ಕಾರಣ ಸರಿಯೇ ಎಂದು ಕೋರ್ಟು ನೋಡಬಹುದು. ವಿಚಾರಣಾ ವರದಿಯ ಪ್ರತಿ ಆರೋಪಿಗೆ ಸಿಗಲೇಬೇಕೆಂದು 1993ರಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ನಮ್ಮ ರಾಜ್ಯದಲ್ಲಿ ಮೇಲಧಿಕಾರಿಗೆ ಮೇಲ್ಮನವಿ, ಆಮೇಲೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ (ಕೆಎಟಿ), ಅದರ ನಂತರ ಹೈಕೋರ್ಟಿನ ವಿಭಾಗೀಯ ಪೀಠ. ಈ ಮೆಟ್ಟಿಲು ಹತ್ತುವಷ್ಟರಲ್ಲಿ ಸರ್ವಿಸ್ಸಿನ ಎಷ್ಟೋ ವರ್ಷ ಕಳೆದಿರುತ್ತದೆ.

ಆದ್ದರಿಂದ ಎಂದಾದರೂ ಆರೋಪಪಟ್ಟಿ ಕೈಗೆ ಬಂದರೆ ಮುನಿಸಿಕೊಂಡು ಗೈರುಹಾಜರಾಗಬೇಡ. ಗಡುವಿನೊಳಗೆ ಬರಹದಲ್ಲಿ ಉತ್ತರ ಕೊಡು. ದಾಖಲೆಗಳ ಪ್ರತಿ ಕೇಳು, ಸಾಕ್ಷಿಗಳನ್ನು ಪಾಟೀಸವಾಲು ಮಾಡು. ನಿರಾಕರಿಸಿದರೆ ಅದನ್ನೂ ದಾಖಲು ಮಾಡಿಸು. ಮುಂದೆ ಕೋರ್ಟು ಓದುವುದು ಆ ಕಡತವನ್ನೇ.