ಈಜುಕೊಳದ ನೀರು, ಲೋಟದ ಹಾಲು

ರಜೆ ಬಂತೆಂದರೆ ಮಕ್ಕಳು ಈಜುಕೊಳಕ್ಕೆ ಹೋಗಬೇಕೆಂದು ಹಠ ಹಿಡಿಯುತ್ತಾರೆ. ಹಾಲಂತೂ ದಿನವೂ ಮನೆಗೆ ಬರುತ್ತದೆ. ನೋಡಲು ಶುಭ್ರವಾಗಿದ್ದರೂ ಇವೆರಡರಲ್ಲೂ ರೋಗಾಣುಗಳಿರಬಹುದು. ಆದ್ದರಿಂದ ಕಣ್ಣನ್ನು ನಂಬದೆ, ಪರೀಕ್ಷೆ ನಡೆದಿದೆಯೇ ಎಂದು ಕೇಳಬೇಕು.

ಕೊಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 1 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪಿ.ಎಚ್. ಪ್ರಮಾಣ 7.2ರಿಂದ 7.8ರೊಳಗಿರಬೇಕು. ಇದನ್ನು ದಿನವೂ ಅಳೆದು ಬರೆದಿಡುತ್ತಾರೆಯೇ? ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಿ. ಘಾಟು ವಾಸನೆ ಬಂದರೆ ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ ಬೆವರು, ಮೂತ್ರಗಳೊಂದಿಗೆ ಕ್ಲೋರಿನ್ ಬೆರೆತಾಗಲೇ ಆ ಘಾಟು ಹೆಚ್ಚುತ್ತದೆ. ಕಣ್ಣುರಿಗೂ ಅದೇ ಕಾರಣ. ತಳ ಕಾಣದಷ್ಟು ಕದಡಿದ ನೀರಿಗೆ ಮಕ್ಕಳನ್ನು ಇಳಿಸಲೇಬೇಡಿ.

ನಮ್ಮ ಹೊಣೆಯೂ ಇದೆ. ಇಳಿಯುವ ಮೊದಲು ಸ್ನಾನ ಮಾಡಿಸಿ. ಭೇದಿಯಾಗುತ್ತಿರುವ ಮಗುವನ್ನು ಕರೆದೊಯ್ಯಬೇಡಿ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ ಕ್ಲೋರಿನ್ ಇರುವ ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ಒಂದು ಮಗುವಿನಿಂದ ಹಲವು ಮಕ್ಕಳಿಗೆ ರೋಗ ಹರಡಬಹುದು.

ಇನ್ನು ಹಾಲು. ಹಸಿ ಹಾಲಿನಿಂದ ಬ್ರೂಸೆಲ್ಲಾ ಜ್ವರ, ಕ್ಷಯ ಮುಂತಾದ ರೋಗಗಳು ಹರಡಬಲ್ಲವು. ಡೇರಿಗಳಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಕಾಯಿಸಿ ತಕ್ಷಣ ತಣ್ಣಗಾಗಿಸುತ್ತಾರೆ. ಇದೇ ಪಾಶ್ಚರೀಕರಣ. ಮನೆಗೆ ತರುವ ಬಿಡಿ ಹಾಲಿಗೆ ಈ ರಕ್ಷಣೆ ಇಲ್ಲ. ಅದನ್ನು ಉಕ್ಕುವವರೆಗೆ ಕಾಯಿಸಿಯೇ ಕುಡಿಯಬೇಕು. ಆದರೆ ಕಾಯಿಸಿದರೆ ರೋಗಾಣು ಸಾಯಬಹುದೇ ಹೊರತು ಬೆರೆಸಿದ ಯೂರಿಯಾ, ಡಿಟರ್ಜೆಂಟ್‌ಗಳು ಹೋಗುವುದಿಲ್ಲ. ಪ್ಯಾಕೆಟ್ ಮೇಲೆ 14 ಅಂಕಿಗಳ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆಯನ್ನೂ ಬಳಕೆಯ ಕೊನೆಯ ದಿನಾಂಕವನ್ನೂ ನೋಡಿ.

ಸಂಶಯ ಬಂದರೆ ಸುಮ್ಮನಿರಬೇಡಿ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ, ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು ಗ್ರಾಹಕರಿಗಿದೆ. ಪರೀಕ್ಷೆಗೆ ಕೊಡುತ್ತೇನೆಂದು ಕೊಳ್ಳುವಾಗಲೇ ಮಾರುವವರಿಗೆ ತಿಳಿಸಿರಬೇಕು. ದೋಷ ಸಾಬೀತಾದರೆ ಶುಲ್ಕ ಮರಳಿ ಸಿಗುತ್ತದೆ. ಹಾಲಿನ ಬಗ್ಗೆ ಆಹಾರ ಸುರಕ್ಷತಾ ಅಧಿಕಾರಿಗೆ, ಈಜುಕೊಳದ ಬಗ್ಗೆ ನಗರಸಭೆ ಅಥವಾ ಪಂಚಾಯತಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರ ಮಾತಿಗಿಂತ ಬೀದಿಯ ಹತ್ತು ಮನೆಯವರ ಸಹಿಗೆ ತೂಕ ಹೆಚ್ಚು.